ಸಪ್ಲಾಯರನ ನಾಲ್ಕನೆಯ ಭಾಗ

ನನ್ನ ಕಬ್ಬಿಣದ ಕಪಾಟಿನ ಕೆಳಗಿನ ಖಾನೆಯಲ್ಲಿ ಅಂಗೈಯಗಲದ ಚೀಟಿಗಳ ಒಂದು ಕಟ್ಟಿದೆ. ಅದರ ಕೊನೆಯ ಚೀಟಿಯಲ್ಲಿ ೧೯೯೭ರ ಮಾರ್ಚ್ ತಿಂಗಳ ಎರಡನೆಯ ವಾರದ ಒಂದು ತಾರೀಖು ಇದೆ. ಪಕ್ಕದಲ್ಲಿ ನನ್ನದೇ ಕೈಬರಹದಲ್ಲಿ ‘ಸೋಮವಾರ’ ಎಂದಿದೆ. ಕಳೆದ ತಿಂಗಳು ಕಪಾಟು ಖಾಲಿ ಮಾಡುವಾಗ, ಹಳೆಯ ಅಭ್ಯಾಸದಂತೆ, ಆ ವರ್ಷದ ಪಂಚಾಂಗ ತೆಗೆದು ನೋಡಿದೆ. ಆ ತಾರೀಖು ಬಿದ್ದದ್ದು ಬುಧವಾರ. ಇನ್ನೊಂದು ಪಂಚಾಂಗ ನೋಡಿದೆ. ಬುಧವಾರವೇ. ಬೆರಳು ಮಡಚಿ ಲೆಕ್ಕ ಹಾಕಿದೆ. ಮತ್ತೆ ಬುಧವಾರವೇ ಬಂತು. ಆ ಹೊತ್ತಿನಿಂದ ಒಂದೆಡೆ ಕೂತು ಇನ್ನೊಂದು ಕೆಲಸ ಮಾಡಲು ನನಗೆ ಸಾಧ್ಯವಾಗಿಲ್ಲ.

ಇದಕ್ಕೆ ಕಾರಣ ನನ್ನ ವೃತ್ತಿ. ಠಾಣೆ ನಗರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ನಾನು ಮಾಡಿದ್ದು ಹಳೆಯ ಶಾಸನಗಳ ಕಾಲವನ್ನು ಪರೀಕ್ಷಿಸುವ ಕೆಲಸ. ತಾಮ್ರಪಟದಲ್ಲಿ ಶಕವರ್ಷ, ಮಾಸ, ತಿಥಿ, ವಾರ ಇವನ್ನು ಕೊಟ್ಟಿರುತ್ತಾರೆ. ತಿಥಿಗೂ ವಾರಕ್ಕೂ ಹೊಂದಿಕೆಯಾದರೆ ಪಟ ಮುಂದಿನ ಪರೀಕ್ಷೆಗೆ ಹೋಗುತ್ತದೆ. ಆಗದಿದ್ದರೆ ಅದರ ಮೇಲೆ ಸಂಶಯ ಬೀಳುತ್ತದೆ. ಯಾರೋ ನಂತರದ ಕಾಲದಲ್ಲಿ ಸೃಷ್ಟಿಸಿದ ಸುಳ್ಳು ಪಟವನ್ನು ನಾವು ಕೂಟಶಾಸನ ಎನ್ನುತ್ತೇವೆ. ವಾರ ತಪ್ಪಿದೆ ಎಂದ ಮಾತ್ರಕ್ಕೆ ದಾನ ನಡೆದೇ ಇಲ್ಲ ಎಂದು ತೀರ್ಮಾನಿಸಬಾರದೆಂದು ನನಗೆ ಕಲಿಸಿದ ಹಿರಿಯರು ಹೇಳುತ್ತಿದ್ದರು. ನಲವತ್ತರ ಪ್ರಾಯದಲ್ಲಿ ನನಗೆ ಅಷ್ಟು ತಾಳ್ಮೆ ಇರಲಿಲ್ಲ.

ಆದರೆ ಈ ಕಟ್ಟಿನಲ್ಲಿರುವವು ಶಾಸನದ ಚೀಟಿಗಳಲ್ಲ. ನಾನೂ ನನ್ನ ಅಣ್ಣನೂ ಕೂಡಿ ಆಡಿದ ಒಂದು ಟಿವಿ ಗೇಮಿನ ಚೀಟಿಗಳು.

ಅಣ್ಣ ನನಗಿಂತ ಒಂಬತ್ತು ವರ್ಷ ದೊಡ್ಡವನು. ಉಡುಪಿಯ ಕಡೆಯಿಂದ ಮೊದಲು ಬಂದವನು ಅವನೇ. ಕಲ್ಯಾಣದ ಪೇಟೆಬೀದಿಯ ಒಂದು ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಆರಂಭಿಸಿ, ಹದಿನಾರು ವರ್ಷ ಸಪ್ಲಾಯರನಾಗಿ ಮೇಜಿನಿಂದ ಮೇಜಿಗೆ ಓಡಿ, ಈ ಕಥೆಯ ಕಾಲಕ್ಕೆ ಗಲ್ಲಾದ ಮುಂದೆ ಕೂರುವ ಮ್ಯಾನೇಜರನಾಗಿದ್ದ. ನನ್ನನ್ನು ಊರಿನಿಂದ ಕರೆತಂದು ಕಾಲೇಜಿಗೆ ಸೇರಿಸಿದವನು ಅವನು; ಅದೇ ಹೋಟೆಲಿನ ಅಟ್ಟದ ಮೇಲೆ, ಒಗ್ಗರಣೆಯ ಹೊಗೆಯಲ್ಲಿ ಕೂತು ನಾನು ಪದವಿ ಮುಗಿಸಿದೆ. ಅತ್ತಿಗೆ ಮತ್ತು ಮಕ್ಕಳು ಊರಿನಲ್ಲೇ ಇದ್ದರು. ಇಲ್ಲಿ ಅವನಿಗೆ ಮನೆ ಎಂಬುದು ಇದ್ದರೆ ಅದು ಡೊಂಬಿವಲಿ ಪೂರ್ವದಲ್ಲಿ ನಾನೂ ನನ್ನ ಹೆಂಡತಿಯೂ ಇದ್ದ ಎರಡು ಕೋಣೆಗಳು.

ಕಲ್ಯಾಣದ ಆ ಪೇಟೆಗೆ ಸೋಮವಾರ ರಜೆ. ನಮ್ಮ ಸಂಸ್ಥೆಯ ವಸ್ತುಸಂಗ್ರಹಾಲಯ ಭಾನುವಾರ ತೆರೆದಿರುತ್ತಿದ್ದುದರಿಂದ ನಮಗೂ ಸೋಮವಾರವೇ ರಜೆ. ಈ ಆಕಸ್ಮಿಕದಿಂದ ಅಣ್ಣ ಪ್ರತಿ ಸೋಮವಾರ ಹತ್ತು ಗಂಟೆಯ ಲೋಕಲ್ ಹಿಡಿದು ನಮ್ಮಲ್ಲಿಗೆ ಬರುತ್ತಿದ್ದ. ಬಂದು ಏನು ಮಾಡುವುದು? ಅವನು ತೆಂಗಿನಕಾಯಿಯ ಗುಣ, ಹುಡುಗರ ರಜೆ ಎಂದು ಎರಡು ಮಾತಾಡುತ್ತಿದ್ದ. ನಾನು ಯಾವುದೋ ತಿಥಿಯ ವಿಷಯ ತೆಗೆಯುತ್ತಿದ್ದೆ. ಅನಂತರ ಇಬ್ಬರೂ ಫ್ಯಾನಿನ ಕಡೆ ನೋಡುತ್ತಿದ್ದೆವು. ಹಲವು ವರ್ಷ ಹಾಗೆಯೇ ನೋಡಿದೆವು.

ಟಿವಿ ಗೇಮ್ ಬಂದದ್ದು ಅವನ ಮಕ್ಕಳಿಗೆಂದು. ಊರಿಗೆ ಒಯ್ದಾಗ ಅತ್ತಿಗೆ, ದೊಡ್ಡವಳು ಹತ್ತನೆಯ ತರಗತಿಯಲ್ಲಿದ್ದಾಳೆ, ಇದನ್ನು ಹೊಸ್ತಿಲು ದಾಟಿಸಬೇಡಿ ಎಂದರಂತೆ. ಹಾಗೆ ಅದು ಬಸ್ಸಿನಲ್ಲಿ ಹಿಂತಿರುಗಿ ನಮ್ಮ ಮನೆ ಸೇರಿತು. ಹಾಳಾಗಿಲ್ಲವಷ್ಟೇ ಎಂದು ಪರೀಕ್ಷಿಸಲು ಒಂದು ಸೋಮವಾರ ಹಚ್ಚಿದೆವು. ಆ ದಿನ ಊಟದ ಹೊತ್ತು ಮೀರಿದ್ದು ಇಬ್ಬರಿಗೂ ತಿಳಿಯಲಿಲ್ಲ.

ಆಟದಲ್ಲಿ ಬಿದಿರಿನ ಟೊಪ್ಪಿಯ ಒಬ್ಬ ಪುಟ್ಟ ಮನುಷ್ಯ, ಅಂಗೈಯ ಮೇಲೆ ಉರಿಯುವ ದೀಪವೊಂದನ್ನು ಹಿಡಿದು, ಹೊಂಡಗಳನ್ನು ಹಾರುತ್ತ, ಕಟ್ಟೆಯಿಂದ ಕಟ್ಟೆಗೆ ನೆಗೆಯುತ್ತ, ಪರದೆಯ ಎಡದಿಂದ ಬಲಕ್ಕೆ ಓಡುತ್ತಾನೆ. ದೀಪ ಆರುವುದರೊಳಗೆ ಕೊನೆಯ ಬಾಗಿಲು ಮುಟ್ಟಬೇಕು. ಅಣ್ಣ ನೋಡಿದ ಕೂಡಲೇ ಅಂದ: “ಇವ ನಮ್ಮ ಸಪ್ಲಾಯರ್ ಅಲ್ವಾ ಮಾರಾಯ! ಕೈಯಲ್ಲಿ ಬಿಸಿ ಸಾಮಾನು, ಕಾಲ್ಬುಡದಲ್ಲಿ ಚೆಲ್ಲಿದ ನೀರು, ಆಚೆ ಮೇಜಿನವ ಬೊಬ್ಬೆ ಹಾಕ್ತಾ ಇದ್ದಾನೆ.” ಅಂದಿನಿಂದ ಅವನು ಸಪ್ಲಾಯರ್. ಅವನಿಗೆ ಸಿಗುವ ಮೂರು ಜೀವಗಳನ್ನು ನಾವು ಸರದಿಯ ಮೇಲೆ ಆಡುತ್ತಿದ್ದೆವು. ಅಣ್ಣ ಮೈಯಿಂದ ಆಡುವವನು. ಸಪ್ಲಾಯರ್ ಹಾರಿದರೆ ಇವನ ಭುಜವೂ ಏಳುತ್ತಿತ್ತು. ನಾನು ಚೀಟಿಯಿಂದ ಆಡುವವನು. ಯಾವ ಗೋಡೆಯ ಹಿಂದೆ ಗುಪ್ತ ಬಾಗಿಲಿದೆ, ಯಾವ ಕಟ್ಟೆ ಕುಸಿಯುತ್ತದೆ ಎಂಬುದನ್ನೆಲ್ಲ ತಾರೀಖು, ವಾರ ಸಹಿತ ಬರೆದಿಡುತ್ತಿದ್ದೆ. ಅವನಿಗೆ ಇಂಗ್ಲಿಷ್ ಬಾರದ್ದರಿಂದ ಪರದೆಯ ಮೇಲಿನ ಮಾತುಗಳನ್ನು ನಾನು ಓದಿ ಹೇಳಬೇಕಿತ್ತು.

ಹೀಗೆ ಒಂದನೆಯ ಭಾಗ, ಎರಡನೆಯ ಭಾಗ, ಮೂರನೆಯ ಭಾಗ ಮುಗಿದವು. ಚೀಟಿಗಳ ಪ್ರಕಾರ ಮೂರನೆಯದು ಮುಗಿದದ್ದು ೧೯೯೫ರ ಮಳೆಗಾಲದಲ್ಲಿ. ಅದು ಬಹಳ ಒಳ್ಳೆಯ ಆಟ. ಅದರಲ್ಲಿ ಸಪ್ಲಾಯರ್ ಬಂದ ದಾರಿಯಲ್ಲಿ ಹಿಂದಕ್ಕೂ ಹೋಗಬಲ್ಲವನಾಗಿದ್ದ. ಬಿಟ್ಟುಬಂದ ದೀಪವನ್ನು ಮರಳಿ ಹಚ್ಚಬಹುದಿತ್ತು. ಕೊನೆಯ ಪರದೆಯ ಮೇಲೆ, ಅವನು ಮತ್ತೆ ಬರುತ್ತಾನೆ ಎಂದು ಬರೆದಿತ್ತು. ನಾನು ಓದಿ ಹೇಳಿದೆ.

“ಯಾವಾಗ ಅಂತ ಉಂಟಾ?” ಅಣ್ಣ ಕೇಳಿದ.

“ತಾರೀಖು ಕೊಟ್ಟಿಲ್ಲ.”

“ತಾರೀಖಿಲ್ಲದ ಮಾತನ್ನು ನೀನು ನಂಬ್ತೀಯಾ?”

ಮುಂದೆ ಒಂದು ವರ್ಷಕ್ಕೂ ಮಿಕ್ಕಿ, ಕಲ್ಯಾಣದಿಂದ ಠಾಣೆಯವರೆಗೆ, ಟಿವಿ ಗೇಮಿನ ಕ್ಯಾಸೆಟ್ ತೂಗುಹಾಕಿದ ಅಂಗಡಿ ಕಂಡಲ್ಲೆಲ್ಲ ಅವನು ನಿಂತು ಕೇಳುತ್ತಿದ್ದ. ನಾವು ಹಳೆಯ ಮೂರನ್ನೇ ಮತ್ತೆ ಮತ್ತೆ ಆಡುತ್ತಿದ್ದೆವು. ನನ್ನ ಹೆಂಡತಿ ಮಧ್ಯಾಹ್ನ ಶಾಲೆಯಿಂದ ಬಂದು ಚಪ್ಪಲಿ ಬಿಡುತ್ತ, “ಭಾವ, ನಿಮ್ಮಿಬ್ಬರ ಪ್ರಾಯ ಕೂಡಿಸಿದ್ರೆ ತೊಂಬತ್ತು ದಾಟ್ತದೆ. ಆ ಟೊಪ್ಪಿಯವನಿಗೆ ಹತ್ತೂ ಆಗಿರ್ಲಿಕ್ಕಿಲ್ಲ. ಪಾಪ, ಅವನನ್ನಾದ್ರೂ ಊಟಕ್ಕೆ ಬಿಡಿ,” ಎನ್ನುತ್ತಿದ್ದಳು.

೧೯೯೬ರ ದಸರೆಯ ಸುಮಾರಿಗೆ ಹೋಟೆಲಿನ ಪಾಲುದಾರರು ಹಿನ್ನೀರಿನಾಚೆ ಹೊಸದಾಗಿ ಬೆಳೆಯುತ್ತಿದ್ದ ನೆರೂಳದಲ್ಲಿ, ಸ್ಟೇಷನ್ನಿನ ಹತ್ತಿರದ ಸೆಕ್ಟರಿನಲ್ಲಿ, ಹೊಸ ಜಾಗ ಹಿಡಿದರು. ಅಲ್ಲಿಗೆ ನಂಬಿಕೆಯ ಮನುಷ್ಯ ಬೇಕಾಗಿತ್ತು. ಅಣ್ಣನನ್ನು ಕೇಳಿದರು, ಶಿವರಾತ್ರಿಯೊಳಗೆ ಉತ್ತರ ಬೇಕೆಂದರು. ಆಗ ಡೊಂಬಿವಲಿಯಿಂದ ನೆರೂಳಕ್ಕೆ ಹೋಗುವುದೆಂದರೆ ಕುರ್ಲಾದವರೆಗೆ ಹೋಗಿ, ಸೇತುವೆ ಹತ್ತಿಳಿದು, ಹಾರ್ಬರ್ ಲೈನಿನ ಲೋಕಲ್ ಗಾಡಿ ಹಿಡಿಯಬೇಕು. ಅದಕ್ಕಿಂತ ಮುಖ್ಯವಾಗಿ, ಹೊಸ ಹೋಟೆಲಿಗೆ ಬುಧವಾರ ರಜೆ ಎಂದು ನಿಶ್ಚಯವಾಗಿತ್ತು. ಅಣ್ಣ ಹೋದರೆ ಸೋಮವಾರಗಳು ಮುಗಿದಂತೆ. ಇದು ನನಗೆ ಮೊದಲ ಕ್ಷಣದಲ್ಲೇ ಹೊಳೆಯಿತು. ಬಾಯಿಬಿಟ್ಟು ಹೇಳಲಿಲ್ಲ.

“ಎಂತ ಹೇಳಿದೆ ಅವರಿಗೆ?” ಎಂದು ಮಾತ್ರ ಕೇಳಿದೆ.

“ನಾಲ್ಕನೇದು ಮುಗೀಲಿ, ಮತ್ತೆ ಹೇಳ್ತೇನೆ ಅಂದೆ.”

“ಪಾರ್ಟನರುಗಳಿಗೆ ಅರ್ಥ ಆಯ್ತಾ?”

“ನಾಲ್ಕನೇ ಮಗುವಾ ಅಂತ ಒಬ್ಬ ಕೇಳಿದ.”

ನಕ್ಕೆವು. ಆದರೆ ಅಣ್ಣ ತಮಾಷೆಗೆ ಆಡಿದ ಮಾತಿಗೂ ಕಟ್ಟುಬೀಳುವ ಜಾತಿಯವನು. ಅದರಿಂದ, ನಾಲ್ಕನೆಯ ಭಾಗ ಆದಷ್ಟು ತಡವಾಗಿ ಬರಲಿ, ಬಂದರೆ ವರ್ಷಗಟ್ಟಲೆ ಮುಗಿಯದಷ್ಟು ಉದ್ದವಿರಲಿ ಎಂದು ನಾನು ಬಯಸುತ್ತಿದ್ದೆ.

ಬಂತು. ಜನವರಿಯ ಒಂದು ಸೋಮವಾರ ಅಣ್ಣ ಬಾಗಿಲಲ್ಲೇ ಜೇಬಿನಿಂದ ಹಳದಿ ಕ್ಯಾಸೆಟ್ ತೆಗೆದು ಎತ್ತಿ ಹಿಡಿದ. ಠಾಣೆ ಸ್ಟೇಷನ್ನಿನ ಹೊರಗಿನ ಅಂಗಡಿಯವನು “ಏಕದಮ್ ನಯಾ ಮಾಲ್”, ಹೊಚ್ಚಹೊಸ ಸರಕು, ಎಂದು ಆಣೆಯಿಟ್ಟನಂತೆ. ಮೇಲೆ ಬಿದಿರಿನ ಟೊಪ್ಪಿಯ ಚಿತ್ರ, ದೊಡ್ಡದಾಗಿ ನಾಲ್ಕು ಎಂಬ ಅಂಕೆ. ಅಣ್ಣ ಅದರ ಬಾಯಿಗೆ ಫೂ ಎಂದು ಊದಿ, ಯಂತ್ರದೊಳಗೆ ಕೂರಿಸಿ, ಪಂಚೆ ಎತ್ತಿಕಟ್ಟಿ ಕೂತ.

ಎರಡು ನಿಮಿಷದಲ್ಲಿ ಅವನ ಭುಜ ಏಳುವುದು ನಿಂತಿತು.

ಸಪ್ಲಾಯರನ ಕೈಯಲ್ಲಿ ದೀಪವೇ ಇರಲಿಲ್ಲ. ಖಾಲಿ ಕೈಯಲ್ಲಿ ಓಡುತ್ತಿದ್ದ, ಅದೂ ಒದ್ದೆ ಗೋಣಿ ಹೊತ್ತವನ ಹಾಗೆ. ಬಟನ್ ಒತ್ತಿ ಒಂದು ಕ್ಷಣ ಕಳೆದ ಮೇಲೆ ಹಾರುತ್ತಿದ್ದ, ಹಾರಿದವನು ಕಲ್ಲಿನಂತೆ ಬೀಳುತ್ತಿದ್ದ. ಹಿಂದಕ್ಕೆ ಹೋಗಲು ನೋಡಿದರೆ ಪರದೆಯ ಅಂಚು ಗೋಡೆಯಾಗಿ ತಡೆಯುತ್ತಿತ್ತು. ಮೂರು ಪ್ರದೇಶಗಳಿದ್ದವು, ಮೂರೂ ಒಂದೇ, ಬಣ್ಣ ಮಾತ್ರ ಬೇರೆ. ನಾಲ್ಕು ಸ್ವರಗಳ ಒಂದು ಸಂಗೀತ ಬಿಡದೆ ತಿರುಗುತ್ತಿತ್ತು. ಮೂರನೆಯ ಬಾಗಿಲು ಮುಟ್ಟಿದಾಗ ಮೊದಲಿನ ಭಾಗಗಳ ಕೊನೆಯಲ್ಲಿ ಕಾಣುತ್ತಿದ್ದ ಅರಮನೆಯಿಲ್ಲ, ಮಾತಿಲ್ಲ. ಮತ್ತೆ ಮೊದಲಿನ ಪರದೆಯೇ ಬಂತು. ಎಲ್ಲ ಸೇರಿ ನಲವತ್ತು ನಿಮಿಷ.

“ಇದೆಂತದು?” ಅಣ್ಣ ಆಟದ ರಿಮೋಟನ್ನು ಚಾಪೆಯ ಮೇಲಿಟ್ಟ. “ಇವನ ಕಾಲಿಗೆ ರುಬ್ಬುವ ಕಲ್ಲು ಕಟ್ಟಿದ್ದಾರಾ? ಇಂಥವನನ್ನು ನಾನಾದ್ರೆ ಒಂದೇ ದಿನದಲ್ಲಿ ಮನೆಗೆ ಕಳಿಸ್ತಿದ್ದೆ.”

ನನಗೆ ಗಾಬರಿಯಾಯಿತು. ನಾಲ್ಕನೆಯದು ಮುಗಿದುಹೋಗಿತ್ತು.

“ಇಷ್ಟೇ ಇರಲಿಕ್ಕಿಲ್ಲ, ಗುಪ್ತ ಬಾಗಿಲು ಇರಲೇಬೇಕು,” ಎಂದೆ. “ಮೂರನೇದರಲ್ಲಿ ಹನ್ನೊಂದು ಇದ್ದವಲ್ಲ.”

ಅನಂತರದ ಸೋಮವಾರಗಳನ್ನು ಆ ಬಾಗಿಲಿಗಾಗಿ ಸವೆಸಿದೆವು. ಸವೆಸಿದವನು ನಾನು; ಅಣ್ಣ ಪಕ್ಕದಲ್ಲಿ ಕೂತು ಕಾಲು ಅಲ್ಲಾಡಿಸುತ್ತಿದ್ದ. ಒಂದೊಂದು ಇಟ್ಟಿಗೆಗೂ ಸಪ್ಲಾಯರನ ತಲೆ ಕುಟ್ಟಿಸಿದೆ. ಒಂದೊಂದು ಹೊಂಡಕ್ಕೂ ಬೇಕೆಂದೇ ಬೀಳಿಸಿದೆ. ಆ ದಿನಗಳ ಚೀಟಿಗಳು ನನ್ನ ಮುಂದಿವೆ: ‘ಒಂದನೆಯ ಪ್ರದೇಶ, ಎಡಗೋಡೆ, ಬಾಗಿಲಿಲ್ಲ.’ ‘ಎರಡನೆಯ ಪ್ರದೇಶ, ಸೇತುವೆಯ ಕೆಳಗೆ, ಬಾಗಿಲಿಲ್ಲ.’ ನಡುನಡುವೆ ಎದ್ದು ಬಾಲ್ಕನಿಗೆ ಹೋಗುತ್ತಿದ್ದೆ, ಹಿಂದಕ್ಕೆ ಬರುತ್ತಿದ್ದೆ, ನೀರು ಕುಡಿಯದೆ ಲೋಟ ಕೆಳಗಿಡುತ್ತಿದ್ದೆ. ವಾರದ ಉಳಿದ ದಿನಗಳಲ್ಲೂ, ಸಂಸ್ಥೆಯ ಮೇಜಿನ ಮುಂದೆ, ನನ್ನ ಹೆಬ್ಬೆರಳು ತಾನಾಗಿ ಏನನ್ನೋ ಒತ್ತುತ್ತಿತ್ತು.

“ಸಾಕು ಮಾರಾಯ,” ಎಂದ ಅಣ್ಣ ಮೂರನೆಯ ಸೋಮವಾರ. “ಇಲ್ಲದ ಬಾಗಿಲು ಎಷ್ಟು ತಟ್ಟೂದು?”

“ಇನ್ನು ಆ ಮೂಲೆ ಬಾಕಿ ಇದೆ.”

“ನಿನ್ನ ಮೂಲೆ ಮುಗಿಯುವಾಗ ಶಿವರಾತ್ರಿ ಕಳೀತದೆ.”

ಅದು ಕಳೆಯಲಿ ಎಂದೇ ನಾನು ಕಾಯುತ್ತಿದ್ದೆ ಎಂಬುದು ಅವನಿಗೆ ಗೊತ್ತಿತ್ತೇ? ಈಗ ಯೋಚಿಸಿದರೆ ಗೊತ್ತಿತ್ತು ಅನಿಸುತ್ತದೆ.

ನಾಲ್ಕನೆಯ ಸೋಮವಾರ, ಬೇರೇನೂ ತೋಚದೆ, ಮೊದಲ ಪರದೆಯನ್ನು ಹಾಗೆಯೇ ನಿಲ್ಲಿಸಿ ನೋಡುತ್ತಿದ್ದೆ. ಕೆಳಗೆ ಸಣ್ಣದಾಗಿ ಒಂದು ವರ್ಷ ಕಂಡಿತು. ಮೂರನೆಯ ಭಾಗದ ಚೀಟಿ ಹುಡುಕಿದೆ. ಅದರ ಮೊದಲ ಪರದೆಯ ವರ್ಷವನ್ನೂ ನಾನು ಬರೆದಿಟ್ಟುಕೊಂಡಿದ್ದೆ. ಎರಡನ್ನೂ ಪಕ್ಕಪಕ್ಕ ಹಿಡಿದಾಗ, ಒಂದು ಪಟದ ತಿಥಿ ತಪ್ಪಿದ್ದು ಹಿಡಿದ ದಿನದ ಸಂತೋಷವೇ ನನಗಾಯಿತು.

“ಅಣ್ಣಾ, ಇಲ್ಲಿ ನೋಡು. ಇದರ ವರ್ಷ ಮೂರನೇ ಭಾಗದ್ದಕ್ಕಿಂತ ಮೂರು ವರ್ಷ ಹಿಂದಿನದು. ನಾಲ್ಕನೇದು ಮೂರನೇದಕ್ಕಿಂತ ಮೊದಲು ಹುಟ್ಟುವುದು ಹೇಗೆ?”

“ಹೇಗೆ?”

“ಹುಟ್ಟುವುದಿಲ್ಲ. ಯಾವುದೋ ಹಳೆಯ ಆಟಕ್ಕೆ ಇವನ ಟೊಪ್ಪಿ ತೊಡಿಸಿ ನಾಲ್ಕು ಅಂತ ಬರೆದಿದ್ದಾರೆ. ಇದು ಕೂಟಶಾಸನ.”

“ಹಾಗಾದ್ರೆ?”

“ಹಾಗಾದರೆ ನಾಲ್ಕನೇದು ಮುಗಿದಿಲ್ಲ. ಶುರುವೇ ಆಗಿಲ್ಲ. ನೀನು ಪಾರ್ಟನರುಗಳಿಗೆ ಕೊಟ್ಟ ಮಾತು ಇನ್ನೂ ಹಾಗೇ ಇದೆ.”

ಅಣ್ಣ ಪರದೆಯ ಕೆಳಗಿನ ಆ ವರ್ಷದ ಮೇಲೆ ಬೆರಳಿಟ್ಟ. ನಾಲ್ಕು ಸ್ವರ ತಿರುಗುತ್ತಲೇ ಇತ್ತು.

“ಆ ಅಂಕೆ ನಾನು ಮೊದಲನೇ ದಿನವೇ ನೋಡಿದ್ದೆ,” ಎಂದ. “ಇಂಗ್ಲಿಷ್ ಬರೂದಿಲ್ಲ ಅಂತ ಅಂಕೆಯೂ ಬರೂದಿಲ್ವಾ ನಂಗೆ? ಬೆಳಿಗ್ಗೆಯಿಂದ ಸಂಜೆವರೆಗೆ ಬಿಲ್ಲು ನೋಡುವವ ನಾನು. ಮೂರನೇದರ ಅಂಕೆಯೂ ನೆನಪಿತ್ತು.”

“ಮತ್ತೆ ಯಾಕೆ ಹೇಳಲಿಲ್ಲ?”

“ಹೇಳಿ ಎಂತ ಮಾಡೂದು? ನಾನು ಬಂದದ್ದು ಆಡ್ಲಿಕ್ಕೆ. ನಿಂಗೂ ಕಂಡಿರ್ತದೆ, ಅಣ್ಣ ತಂದದ್ದಲ್ವಾ ಅಂತ ಸುಮ್ಮನಿದ್ದಿ ಅಂತ ಎಣಿಸಿದೆ. ಒಳ್ಳೇದೇ ಅನಿಸ್ತು.” ಎದ್ದು ಪಂಚೆ ಇಳಿಬಿಟ್ಟ. “ಒಂದು ಮಾತು ಕೇಳ್ತೇನೆ. ನಾನು ನೆರೂಳಕ್ಕೆ ಹೋಗೂದು ನಿಂಗೆ ಬೇಡ್ವಾ?”

ಆ ಪ್ರಶ್ನೆಗೆ ಉತ್ತರ ಒಂದೇ ಪದದ್ದಾಗಿತ್ತು. ನಾನು ಹೇಳಿದ್ದು ಇಷ್ಟು: “ಪ್ರಶ್ನೆ ಅದಲ್ಲ ಅಣ್ಣಾ, ಇಲ್ಲಿ ವಿಷಯ ವರ್ಷದ್ದು.”

“ವರ್ಷದ್ದಾ?” ಎಂದ. “ಆಯ್ತು.” ಊಟಕ್ಕೆ ನಿಲ್ಲಲಿಲ್ಲ. ಮೆಟ್ಟಿಲಲ್ಲಿ ಎದುರಾದ ನನ್ನ ಹೆಂಡತಿಗೆ, ಕಲ್ಯಾಣದಲ್ಲಿ ಕೆಲಸವಿದೆ ಎಂದನಂತೆ. ಸೋಮವಾರ ಅವನಿಗೆ ಕಲ್ಯಾಣದಲ್ಲಿ ಏನೂ ಕೆಲಸವಿರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು. ಆ ವಾರವೇ ಅವನು ಪಾಲುದಾರರಿಗೆ ಒಪ್ಪಿಗೆ ಹೇಳಿದ. ಶಿವರಾತ್ರಿಗೆ ಮೊದಲೇ ನೆರೂಳಕ್ಕೆ ಹೋದ.

ಆಮೇಲಿನ ಸೋಮವಾರಗಳಲ್ಲಿ ನಾನು ಏನು ಮಾಡಿದೆನೆಂಬುದಕ್ಕೆ ಚೀಟಿಗಳಿಲ್ಲ, ನೆನಪಿದೆ. ಹತ್ತು ಗಂಟೆಗೆ ಸುಮ್ಮನೆ ಸ್ಟೇಷನ್ನಿಗೆ ಹೋಗುತ್ತಿದ್ದೆ. ಕಲ್ಯಾಣದ ಕಡೆಯಿಂದ ಬರುವ ಗಾಡಿಗಳು ನಿಂತು ಹೋಗುವುದನ್ನು ನೋಡಿ, ಪ್ಲಾಟ್‌ಫಾರ್ಮಿನ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು, ಮನೆಗೆ ಮರಳುತ್ತಿದ್ದೆ. ಟಿವಿ ಗೇಮನ್ನು ಮುಟ್ಟಿರಲಿಲ್ಲ. ಹಳದಿ ಕ್ಯಾಸೆಟ್ ಯಂತ್ರದ ಬಾಯಲ್ಲೇ ಕೂತಿತ್ತು.

ಮೂರನೆಯದೋ ನಾಲ್ಕನೆಯದೋ ಅಂಥ ಸೋಮವಾರ ನನ್ನ ಹೆಂಡತಿ ಉತ್ತರಪತ್ರಿಕೆ ತಿದ್ದುತ್ತಿದ್ದವಳು ಪೆನ್ನು ಕೆಳಗಿಟ್ಟಳು. “ಏನ್ರೀ, ಒಂದೋ ಕೂತ್ಕೊಳ್ಳಿ, ಇಲ್ಲ ಹೋಗಿ. ನಿಮ್ಮ ಈ ಓಡಾಟ ನೋಡಿ ನನಗೆ ತಲೆ ತಿರುಗ್ತದೆ.”

“ಹೋಗುವುದು ಎಲ್ಲಿಗೆ? ಅವನಿಗೆ ರಜೆ ಬುಧವಾರ.”

“ನಿಮ್ಮ ಪಂಚಾಂಗದಲ್ಲಿ ಬುಧವಾರ ಬರೂದಿಲ್ವಾ? ಸಾವಿರ ವರ್ಷದ ಹಿಂದಿನ ರಾಜ ಯಾವ ವಾರ ದಾನ ಕೊಟ್ಟ ಅಂತ ಹುಡುಕ್ತೀರಿ. ಒಂದು ದಿನ ರಜೆ ಹಾಕ್ಲಿಕ್ಕೆ ಬರೂದಿಲ್ಲ.”

ಅದೇ ವಾರ ಸಂಸ್ಥೆಗೆ ರಜೆಯ ಅರ್ಜಿ ಕೊಟ್ಟೆ. ಟಿವಿ ಗೇಮನ್ನು ಟವೆಲ್ಲಿನಲ್ಲಿ ಸುತ್ತಿ ಕಚೇರಿಯ ಚೀಲಕ್ಕೆ ತುರುಕಿ ಹೊರಟೆ. ಗಾಡಿಯಲ್ಲಿ ಕೂರಲು ಜಾಗ ಸಿಕ್ಕಿತ್ತು, ಕೂರಲಾಗಲಿಲ್ಲ. ಬಾಗಿಲ ಬಳಿ ನಿಂತೇ ಹೋದೆ. ಕುರ್ಲಾದ ಸೇತುವೆಯ ಮೇಲೆ ಎರಡು ಸಲ ತಪ್ಪು ಮೆಟ್ಟಿಲು ಇಳಿದೆ. ಹಾರ್ಬರ್ ಗಾಡಿ ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಉದ್ದ ಸೇತುವೆ ದಾಟುವಾಗ, ಅವನು ಇಲ್ಲದಿದ್ದರೆ, ಇದ್ದೂ ಕೆಲಸವಿದೆ ಎಂದರೆ ಎಂಬ ಯೋಚನೆಯೊಂದೇ ತಿರುಗುತ್ತಿತ್ತು, ಆ ನಾಲ್ಕು ಸ್ವರಗಳ ಹಾಗೆ.

ಅಣ್ಣ ಹೋಟೆಲಿನ ಮೇಲಿನ ಕೋಣೆಯಲ್ಲಿ ಒಬ್ಬನೇ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದ. ಗೋಡೆಯ ಬಣ್ಣ ಇನ್ನೂ ವಾಸನೆ ಹೊಡೆಯುತ್ತಿತ್ತು. ನನ್ನನ್ನು ನೋಡಿ, ಸೂಜಿಯನ್ನು ಗೋಡೆಯ ಕ್ಯಾಲೆಂಡರಿಗೆ ಚುಚ್ಚಿ, ಚೀಲ ನೋಡಿದ.

“ಎಂತ ತಂದಿ?”

ತೆಗೆದು ತೋರಿಸಿದೆ. ಅವನು ಯಂತ್ರದ ಬಾಯಿಯಲ್ಲಿದ್ದ ಹಳದಿ ಕ್ಯಾಸೆಟ್ ಕಂಡು ತಲೆ ಮೇಲೆ ಕೈಯಿಟ್ಟ. “ಅಯ್ಯೋ ಮಾರಾಯ! ಒಳ್ಳೇ ಮೂರು ಬಿಟ್ಟು ಈ ಪೀಡೆಯನ್ನೇ ಹೊತ್ತು ತಂದ್ಯಾ, ಕುರ್ಲಾ ಸುತ್ತಿ?”

ತೆಗೆಯಲು ಮರೆತಿದ್ದೆ. ಬೇರೆ ಯಾವುದೂ ಚೀಲದಲ್ಲಿರಲಿಲ್ಲ. ಹಾಗಾಗಿ ಮೂಲೆಯಲ್ಲಿದ್ದ ಟಿವಿಗೆ ಸಿಕ್ಕಿಸಿ ಅದನ್ನೇ ಆಡಿದೆವು. ಮೊದಲ ಜೀವ ಅವನದು, ಎರಡನೆಯದು ನನ್ನದು. ಸಪ್ಲಾಯರ್ ಎಂದಿನಂತೆ ಖಾಲಿ ಕೈಯಲ್ಲಿ ಕಾಲೆಳೆದುಕೊಂಡು ಓಡಿದ. ಆಟ ಒಂದು ಕೂದಲೆಳೆಯಷ್ಟೂ ಸುಧಾರಿಸಿರಲಿಲ್ಲ. ಎರಡನೆಯ ಪ್ರದೇಶದ ಸೇತುವೆ ದಾಟಿದ ಕೂಡಲೇ ಇರುವ ಹೊಂಡದ ಮುಂದೆ, ಪರದೆಯಿಂದ ಕಣ್ಣು ತೆಗೆಯದೆ, ನಾನು ಹೇಳಿದೆ: “ನೀನು ಹೋಗುವುದು ನನಗೆ ಬೇಡವಾಗಿತ್ತು.”

ಹೊಂಡಕ್ಕೆ ಬಿದ್ದೆ.

“ಹಾಂ,” ಎಂದ ಅಣ್ಣ, ರಿಮೋಟ್ ಕಿತ್ತುಕೊಳ್ಳುತ್ತ. “ಅದನ್ನು ಅವತ್ತೇ ಹೇಳಿದ್ರೆ ನಿಂಗೆ ರಜೆಯೊಂದು ಉಳೀತಿತ್ತು.” ಸಪ್ಲಾಯರನನ್ನು ಆ ಹೊಂಡ ದಾಟಿಸಿ, “ಆದ್ರೂ ಬರ್ತಿದ್ದೆ ಇಲ್ಲಿಗೆ. ಬರ್ಬೇಕಿತ್ತು. ಆದ್ರೆ ಹೇಳ್ಬೇಕಿತ್ತು ನೀನು,” ಎಂದ. ಅವನ ಭುಜ ಏಳಲು ಶುರುವಾಗಿತ್ತು.

ಮರಳುವ ಹಾರ್ಬರ್ ಗಾಡಿಯಲ್ಲಿ ಬರೆದ ಚೀಟಿಯೇ ಈ ಕೊನೆಯ ಚೀಟಿ. ‘ಎರಡನೆಯ ಪ್ರದೇಶ, ಬಾಗಿಲಿಲ್ಲ’ ಎಂದಷ್ಟೇ ಇದೆ. ಅಣ್ಣನ ಜೊತೆ ಆಡಿದ ದಿನ ಎಂದ ಮೇಲೆ ಕೈ ತಾನಾಗಿ ಸೋಮವಾರ ಎಂದು ಬರೆದಿರಬೇಕು. ಇದು ನನ್ನ ಊಹೆ. ಆ ಕ್ಯಾಸೆಟ್ ನಿಜವಾಗಿ ಸುಳ್ಳಿನದೇ, ಅಥವಾ ಮಾಡಿದವರೇ ಹಳೆಯ ವರ್ಷವನ್ನು ಉಳಿಸಿಕೊಂಡಿದ್ದರೇ ಎಂಬುದನ್ನೂ ನಾನು ಇಂದಿಗೂ ಖಚಿತಪಡಿಸಿಕೊಂಡಿಲ್ಲ. ಆ ಮೇಲೆ ಎಷ್ಟು ಬುಧವಾರ ನೆರೂಳಕ್ಕೆ ಹೋದೆನೆಂಬುದಕ್ಕೂ ಆಧಾರ ಕೊಡಲಾರೆ. ಚೀಟಿ ಬರೆಯುವುದನ್ನು ಅಲ್ಲಿಗೇ ಬಿಟ್ಟಿದ್ದೆ.

ಒಂದು ಪುರಾವೆ ಸಾಲದೆಂದು ಕಳೆದ ವಾರ ಊರಿಗೆ ಫೋನ್ ಮಾಡಿ, ಹಿಂತಿರುಗಿ ಅಲ್ಲೇ ನೆಲೆಸಿರುವ ಅಣ್ಣನನ್ನು ಆ ದಿನ ಯಾವ ವಾರವಾಗಿತ್ತೆಂದು ಕೇಳಿದೆ. ಈಗ ಅವನಿಗೆ ಕಿವಿ ಮಂದ. ಎರಡು ಸಲ ಕೇಳಬೇಕಾಯಿತು.

“ವಾರ ಯಾರಿಗೆ ಬೇಕು?” ಎಂದು ಕಿರುಚಿದ. “ನೀನು ಆ ಸೇತುವೆ ಹತ್ತಿರದ ಹೊಂಡಕ್ಕೆ ಬಿದ್ದೆಯಲ್ಲ, ಅದು ನೆನಪುಂಟಾ? ಬೀಳುವ ಜಾಗವೇ ಅಲ್ಲ ಅದು!”

ಚೀಟಿಯನ್ನು ತಿದ್ದಲು ಪೆನ್ಸಿಲ್ ತೆಗೆದಿದ್ದೆ. ಸೋಮವಾರವನ್ನು ಹಾಗೆಯೇ ಬಿಟ್ಟು, ಹಿಂಬದಿಯಲ್ಲಿ, ಹೊಂಡಕ್ಕೆ ಬಿದ್ದದ್ದು ನಾನು ಎಂದು ಬರೆದಿಟ್ಟೆ.